ಐದು ಬಾಯಿಗೆ ಒಂದು ಹೆಸರು: ಕೊಡಗಿನ ಮನೆಯಲ್ಲಿ ಹೆಣ್ಣುಮಗುವಿಗೆ ಹೆಸರು ಹುಡುಕುವುದು ಹೇಗೆ

ಮಗಳು ಹುಟ್ಟಿ ಹತ್ತು ದಿನವಾಗಿತ್ತು. ನೋಡಲು ಬಂದ ಅತ್ತೆಯ ಕೈಗೆ ಮಗುವನ್ನು ಕೊಟ್ಟು, "ಹೆಸರಿನ ಪಟ್ಟಿ ಇಲ್ಲೇ ಇದೆ, ನೋಡ್ತೀರಾ?" ಅಂದೆ. ಅತ್ತೆ ಇರಿಟ್ಟಿ ಕಡೆಯವರು. ಕನ್ನಡ ಅರ್ಧಂಬರ್ಧ. ತಟ್ಟನೆ ಕಾಲು ಮೇಲೆತ್ತಿಕೊಂಡು ಮಂಚದ ಕೆಳಗೆ ಇಣುಕಿದರು. ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ. ನಮ್ಮವ್ವ ಬಾಗಿಲಲ್ಲಿ ನಿಂತು ನಕ್ಕಿದ್ದೇ ನಕ್ಕಿದ್ದು. ಪುಸ್ತಕ ನೋಡಿ ಬರೆದಿಟ್ಟ ನನ್ನ ನಲವತ್ತು ಹೆಸರುಗಳಲ್ಲಿ ಎಷ್ಟು ಹೀಗೇ ಮಂಚದ ಕೆಳಗೆ ಹೋಗಲಿವೆಯೋ ಅಂತ ನನಗೆ ಆಗಲೇ ಭಯವಾಯಿತು.

ನಾವು ಭಾಗಮಂಡಲ ಕಡೆಯ ಗೌಡರು, ಮನೆಮಾತು ಅರೆಭಾಷೆ. ಗಂಡನ ಮನೆಯಲ್ಲಿ ಮಲಯಾಳ. ಈಗಿರುವ ಬಾಡಿಗೆ ಮನೆಯ ಓನರ್ ಆಂಟಿಯದು ಕೊಡವ ತಕ್ಕ್. ಅಕ್ಕ ಪುಣೆಯಲ್ಲಿ, ಮೈದುನ ದುಬೈಯಲ್ಲಿ. ಕೊಡಗಿನಲ್ಲಿ ಇದೇನೂ ವಿಶೇಷ ಅಲ್ಲ ಬಿಡಿ. ಗೋಣಿಕೊಪ್ಪದ ಪೇಟೆಯಲ್ಲಿ ಹತ್ತು ಹೆಜ್ಜೆ ನಡೆದರೆ ಕೊಡವ, ಕನ್ನಡ, ಮಲಯಾಳ, ತುಳು, ಬ್ಯಾರಿ, ತಮಿಳು, ಯರವ ನುಡಿ, ಈಗೀಗ ಅಸ್ಸಾಮಿ, ಬಂಗಾಳಿ ಕೂಡ ಕಿವಿಗೆ ಬೀಳುತ್ತವೆ. ಅದೇ ಪೇಟೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಆಧಾರ್ ತಿದ್ದುಪಡಿ, ಪಾಸ್‌ಪೋರ್ಟ್ ಅರ್ಜಿ, ಶಾಲೆಯ ಅರ್ಜಿ ತುಂಬಿಕೊಡುವುದೇ ಕೆಲಸ. ಒಂದೇ ಹುಡುಗಿ ಮೂರು ಕಾಗದದಲ್ಲಿ ಮೂರು ಹೆಸರಾಗಿರುವುದನ್ನು ವಾರಕ್ಕೆ ಒಮ್ಮೆಯಾದರೂ ನೋಡುತ್ತೇನೆ. ಆ ಅನುಭವ, ಜೊತೆಗೆ ನನ್ನ ಮಗಳಿಗೆ ಹೆಸರು ಹುಡುಕುವಾಗ ಬಿದ್ದ ಪಾಡು, ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲು ಬಾಯಿ ಎಣಿಸಿ

ಹೆಸರಿನ ಪುಸ್ತಕ, ಆ್ಯಪ್ ಎಲ್ಲ ಪಕ್ಕಕ್ಕಿಡಿ. ಒಂದು ಹಾಳೆ ತೆಗೆದುಕೊಳ್ಳಿ. ಈ ಮಗುವನ್ನು ದಿನಾ ಕರೆಯುವವರು ಯಾರು ಅಂತ ಬರೆಯಿರಿ. ಹೆಸರು ಹಿಡಿದೇ ಬರೆಯಿರಿ: ಅವ್ವ, ಅತ್ತೆ, ಗಂಡ, ಓನರ್ ಆಂಟಿ. ಅದರ ಕೆಳಗೆ ಶಾಲೆ, ಅಂಗನವಾಡಿ, ಪಕ್ಕದ ಲೈನ್‌ಮನೆ (ತೋಟದ ಕೆಲಸದವರ ಸಾಲುಮನೆ) ಮಕ್ಕಳು. ಕೊನೆಗೆ ದೂರದವರು: ಪುಣೆ ಅಕ್ಕ, ದುಬೈ ಮೈದುನ, ಮುಂದೆ ಯಾವತ್ತೋ ಬರಬಹುದಾದ ಆಫೀಸಿನವರು.

ಮೂರಕ್ಕೂ ಒಂದೇ ತೂಕ ಕೊಡಬೇಡಿ. ದಿನಾ ಕರೆಯುವ ಬಾಯಿಗೆ ಹೆಸರು ಪೂರ್ತಿ ಒಗ್ಗಬೇಕು. ಶಾಲೆಯ ಬಾಯಿಗೆ ತಪ್ಪಿಲ್ಲದೆ ಬರಬೇಕು. ದೂರದವರು ಸ್ವಲ್ಪ ಸೊಟ್ಟ ಮಾಡಿದರೂ ಪರವಾಗಿಲ್ಲ, ಅದು ಕೆಟ್ಟ ಮಾತಾಗದಿದ್ದರೆ ಸಾಕು. ಜಗತ್ತಿನ ಎಲ್ಲ ಭಾಷೆಗೂ ಸರಿಹೋಗುವ ಹೆಸರು ಅಂತ ಹೊರಟರೆ ಕೊನೆಗೆ ಉಳಿಯುವುದು ಮಾಯಾ, ಮೀರಾ ಎರಡೇ. ಚೆಂದದ ಹೆಸರುಗಳೇ. ಆದರೆ ಅಷ್ಟಕ್ಕೆ ಇಷ್ಟೆಲ್ಲ ಯೋಚಿಸಬೇಕಾಗಿಲ್ಲ.

ಬಾಯಿಗೆ ಒಗ್ಗದ ಹೆಸರನ್ನು ಬಾಯಿಯೇ ಬದಲಿಸಿಬಿಡುತ್ತದೆ. ಅದಕ್ಕೆ ಕೊಡಗಿನಲ್ಲೇ ದೊಡ್ಡ ಉದಾಹರಣೆ ಇದೆ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರನ್ನು ಸೇನೆಯಲ್ಲಿ 'ಕಿಪ್ಪರ್' ಅಂತ ಕರೆಯುತ್ತಿದ್ದರು. ಫತೇಗಢದಲ್ಲಿದ್ದಾಗ ಬ್ರಿಟಿಷ್ ಅಧಿಕಾರಿಯೊಬ್ಬರ ಹೆಂಡತಿಗೆ ಕಾರ್ಯಪ್ಪ ಅನ್ನಲು ನಾಲಿಗೆ ಹೊರಳದೆ ಬಂದ ಹೆಸರಂತೆ ಅದು. ಕಿಪ್ಪರ್ ಅಂದರೆ ಇಂಗ್ಲಿಷಿನಲ್ಲಿ ಹೊಗೆ ಹಾಕಿ ಒಣಗಿಸಿದ ಮೀನು. ಕಾರ್ಯಪ್ಪನವರದೇ ಕೊಡಂದೇರ ಒಕ್ಕದ, ಅಂದರೆ ಮನೆತನದ, ಜನರಲ್ ತಿಮ್ಮಯ್ಯನವರು 'ಟಿಮ್ಮಿ' ಆದರು. ಅವರಿಗೇನೋ ಅದು ಪ್ರೀತಿಯ ಹೆಸರಾಗಿಯೇ ಉಳಿಯಿತು. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ, ಅಲ್ವಾ?

ಆಮೇಲೆ ಸದ್ದು ನೋಡಿ, ಅರ್ಥ ಅಲ್ಲ

ಎಲ್ಲರೂ ಮೊದಲು ಅರ್ಥ ಹುಡುಕುತ್ತಾರೆ. ನನ್ನ ಪ್ರಕಾರ ಅದು ಎರಡನೇ ಕೆಲಸ. ಅರ್ಥ ಹೇಳಿ ತಿಳಿಸಬಹುದು. ಸದ್ದನ್ನು ಹೇಳಿ ಕೂರಿಸಲು ಆಗುವುದಿಲ್ಲ.

ನಮ್ಮ ಸುತ್ತಲಿನ ಭಾಷೆಗಳಲ್ಲಿ ಯಾವ ಸದ್ದು ಎಲ್ಲಿ ಜಾರುತ್ತದೆ ಅಂತ ಒಂದೊಂದಾಗಿ ನೋಡೋಣ.

ಳ. ಕನ್ನಡ, ಕೊಡವ, ಮಲಯಾಳ, ತಮಿಳು, ಮರಾಠಿಗೆ ಇದು ನೀರು ಕುಡಿದಷ್ಟು ಸುಲಭ. ಹಿಂದಿಗೆ ಇಲ್ಲ, ಇಂಗ್ಲಿಷಿಗೂ ಇಲ್ಲ. ಇಂಗ್ಲಿಷಿನಲ್ಲಿ ಬರೆದರೆ ಳ, ಲ ಎರಡಕ್ಕೂ ಒಂದೇ ಎಲ್. ತುಳಸಿ ಉತ್ತರಕ್ಕೆ ಹೋದರೆ ತುಲ್ಸಿ. ಅದು ಪರವಾಗಿಲ್ಲ, ಅದೇ ಗಿಡ, ಅದೇ ದೇವರು. ಆದರೆ ಉಲ್ಟಾ ಆದಾಗ ಕಷ್ಟ. ಅಂಗಡಿಗೆ ಬಂದ ಒಬ್ಬ ಅಪ್ಪ ಮಗಳಿಗೆ ಆಲಿಯಾ ಅಂತ ಹೆಸರಿಟ್ಟಿದ್ದರು. ಇಂಗ್ಲಿಷಿನಲ್ಲಿ ಆರಂಭದ ಎ ಒಂದೇ ಹಾಕಿ, ಕೊನೆಗೆ ವೈ ಎ ಬರೆಸಿದ್ದರು. ಅದನ್ನು ನೋಡಿ ಯಾರೋ ಕನ್ನಡದಲ್ಲಿ 'ಅಳಿಯ' ಅಂತ ಟೈಪ್ ಮಾಡಿದ್ದರು. ಮೂರು ವರ್ಷದ ಹುಡುಗಿ ಅಳಿಯ! ಮಲಯಾಳದಲ್ಲೂ ಅಳಿಯನ್ ಅಂದರೆ ಭಾವಮೈದುನನೇ. ಎರಡೂ ಕಡೆ ತಪ್ಪಿಸಿಕೊಳ್ಳುವ ದಾರಿ ಇಲ್ಲ.

ತಮಿಳು, ಮಲಯಾಳದಲ್ಲಿ ಇನ್ನೊಂದು ಳ ಇದೆ. ನಾಲಿಗೆ ಮಡಚಿ ಮೇಲೆ ತಗುಲಿಸದೆ ಹೇಳುವುದು. ಹಳಗನ್ನಡದಲ್ಲೂ ಇತ್ತು, ನಾವು ಕಳೆದುಕೊಂಡೆವು. ಇಂಗ್ಲಿಷಿನಲ್ಲಿ ಅದಕ್ಕೆ ಜೆಡ್ ಹೆಚ್ ಬರೆಯುತ್ತಾರೆ. ಅದನ್ನು ಗೊತ್ತಿಲ್ಲದವರು ಓದುವುದು ಝ ಅಂತಲೇ. ಕನಿಮೊಳಿ ಹಿಂದಿ ಟಿವಿಯಲ್ಲಿ ಕನಿಮೋಝಿ ಆಗಿರುವುದನ್ನು ನೀವೇ ಕೇಳಿರುತ್ತೀರಿ. ಮನೆಯಲ್ಲಿ ತಮಿಳು ಇದ್ದು ಆ ಅಕ್ಷರದ ಮೇಲೆ ಪ್ರೀತಿ ಇದ್ದರೆ ಇಡಿ. ಇಲ್ಲದಿದ್ದರೆ ಬೇಡ.

ಮಹಾಪ್ರಾಣ. ಧ, ಭ, ಘ, ಖ. ಪುಸ್ತಕದಲ್ಲಿ ಚೆಂದ, ನಮ್ಮ ಬಾಯಲ್ಲಿ ಅಷ್ಟಕ್ಕಷ್ಟೆ. ನಮ್ಮವ್ವನಿಗೆ ಭವ್ಯ ಬವ್ಯ, ಧನ್ಯ ದನ್ಯ. ಅವ್ವನನ್ನು ದೂರುವಂತಿಲ್ಲ, ನಾನೂ ಮಾತಿನ ಭರದಲ್ಲಿ ಹಾಗೇ ಅನ್ನುತ್ತೇನೆ. ಧನ್ಯಳನ್ನು ಯಾರಾದರೂ ಚಿಕ್ಕದಾಗಿ 'ಧನಾ' ಅಂತ ಕರೆದರೆ ಕೊಟ್ಟಿಗೆಯ ದನಕ್ಕೂ ಇವಳಿಗೂ ವ್ಯತ್ಯಾಸ ಉಳಿಯುವುದಿಲ್ಲ. ತಮಿಳಿನಲ್ಲಿ ಇನ್ನೂ ಮುಂದೆ. ಅವರ ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಪ, ಬ, ಭಕ್ಕೂ ಒಂದೇ. ಗಾನವಿ ಅಂತ ಬರೆದದ್ದನ್ನು ಕಾನವಿ ಅಂತಲೂ ಓದಬಹುದು. ಪರಿಚಯದವರು ಸರಿಯಾಗಿಯೇ ಕರೆಯುತ್ತಾರೆ. ಮೊದಲ ಸಲ ನೋಡುವವರು ತಡವರಿಸುತ್ತಾರೆ.

ಪ ಮತ್ತು ಹ. ಇದು ನನಗೆ ತುಂಬ ಇಷ್ಟದ ವಿಷಯ. ಹಳೆಯ ಪ ಕನ್ನಡದಲ್ಲಿ ಹ ಆಯಿತು, ಅಕ್ಕಪಕ್ಕದ ಭಾಷೆಗಳಲ್ಲಿ ಹಾಗೇ ಉಳಿಯಿತು. ನಮಗೆ ಹೂ, ಕೊಡವರಿಗೆ ಪೂ. ನಮಗೆ ಹೊನ್ನು, ಅವರಿಗೆ ಪೊನ್ನ್. ಮಲಯಾಳದಲ್ಲಿ ಪೊನ್ನ್, ತಮಿಳಿನಲ್ಲಿ ಪೊನ್. ಸಂಚಿಯ ಹೊನ್ನಮ್ಮ ಇಲ್ಲಿ ಹುಟ್ಟಿದ್ದರೆ ಪೊನ್ನಮ್ಮ ಆಗಿರುತ್ತಿದ್ದಳು, ಅಷ್ಟೆ. ಹೀಗಾಗಿ ಪ ಇರುವ ಹಳೆಯ ಹೆಸರು ಕೊಡಗಿನಲ್ಲಿ ಮೂರು ಮನೆಗೆ ಒಟ್ಟಿಗೆ ಅರ್ಥವಾಗುತ್ತದೆ.

ಆದರೆ ಅದೇ ಪ ಅರಬ್ ದೇಶಕ್ಕೆ ಹೋದರೆ ಬ. ಅರಬ್ಬಿ ಲಿಪಿಯಲ್ಲಿ ಪ ಇಲ್ಲ, ಚ ಇಲ್ಲ, ನಮ್ಮ ವಕಾರಕ್ಕೂ ಸರಿಯಾದ ಜೋಡಿ ಇಲ್ಲ. ನನ್ನ ಪಟ್ಟಿಯಲ್ಲಿ ಪೂರ್ವಿ ಇತ್ತು. ದುಬೈ ಮೈದುನ ಫೋನಿನಲ್ಲಿ, "ಚೇಚಿ, ಇಲ್ಲಿ ಅದು ಬೂರ್ಫಿ ಆಗುತ್ತೆ" ಅಂದ. ಬರ್ಫಿ ಅಂತ ಕೇಳಿಸಿ ಗಂಡ ಎರಡು ದಿನ ಅದನ್ನೇ ಹಿಡಿದು ಆಡಿಕೊಂಡರು. ಪೂರ್ವಿ ಹೋಯಿತು.

ಬಂಗಾಳಿಗರಿಗೆ ವ ಇಲ್ಲ, ಬ ಆಗುತ್ತದೆ. ಕಾವೇರಿ ಅಲ್ಲಿ ಕಾಬೇರಿ. ಕಾಫಿ ಕೊಯ್ಲಿಗೆ ಬರುವವರಲ್ಲಿ ಬಂಗಾಳದವರು ಇದ್ದರೆ ಒಮ್ಮೆ ಕೇಳಿ ನೋಡಿ.

ಕೊಡವ ತಕ್ಕ್‌ನಲ್ಲಿ ಕನ್ನಡ ಅಕ್ಷರಕ್ಕೆ ಸಿಗದ ಒಂದೆರಡು ಸ್ವರಗಳಿವೆ. ನಾಲಿಗೆ ಅರ್ಧ ಹಿಂದೆ ಸರಿದ ಹಾಗೆ ಬರುತ್ತವೆ. ಕೊಡವ ಮನೆಗೆ ಹೊರಗಿನಿಂದ ಸೊಸೆ, ಅಳಿಯ ಬಂದಿದ್ದರೆ ಅಂಥ ಸ್ವರ ಹೆಸರಿನ ನಡುವೆ ಬಾರದಂತೆ ನೋಡಿಕೊಳ್ಳಿ.

ಹಾಗಾದರೆ ಜಾರದ ಸದ್ದು ಯಾವುದು? ಮ, ನ, ಲ, ರ, ಯ, ಕ, ತ. ಸ್ವರಗಳಲ್ಲಿ ಆ ಮತ್ತು ಈ. ಇವಿಷ್ಟರಲ್ಲಿ ಮಾಡಿದ ಎರಡು ಮೂರು ಅಕ್ಷರದ ಹೆಸರು ಬಹುತೇಕ ಎಲ್ಲಿಗೆ ಹೋದರೂ ಬದುಕುತ್ತದೆ. ತ ಬಾಯಲ್ಲಿ ಗಟ್ಟಿ. ಬರೆಯುವಾಗ ಅದರದ್ದೊಂದು ರಗಳೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಕೊನೆಯ ಅಕ್ಷರ

ಹೆಸರಿನ ಬಾಲ ನೋಡುವುದನ್ನು ಬಹಳ ಜನ ಮರೆಯುತ್ತಾರೆ. ಅರುಣ ಗಂಡು, ಅರುಣಾ ಹೆಣ್ಣು. ಇಂಗ್ಲಿಷಿನಲ್ಲಿ ಎರಡೂ ಒಂದೇ. ಕಮಲ ನಮಗೆ ಹೆಂಗಸು. ಹಿಂದಿಯಲ್ಲಿ ಕೊನೆಯ ಅ ಉದುರಿ ಕಮಲ್ ಆದರೆ ಗಂಡಸು. ಕೊನೆ ಈಕಾರ ಆದರೆ ಈ ಗೊಂದಲ ಕಡಿಮೆ. ಕಾವೇರಿ, ವಾಣಿ, ಮಾಲಿನಿ ಅಂದರೆ ಎಲ್ಲೂ ಹೆಣ್ಣೇ. ರವಿ, ಹರಿ ಅಂತ ಗಂಡಸರಿದ್ದಾರೆ, ನಿಜ. ಆದರೂ ಮೂರಕ್ಷರದ ಹೆಸರಿನ ಕೊನೆಗೆ ಈ ಬಂದರೆ ಹೆಣ್ಣು ಅಂತಲೇ ಜನ ತಿಳಿಯುತ್ತಾರೆ.

ಇನ್ನೊಂದು ಲಾಭ ಇದೆ. ಈಕಾರದ ಹೆಸರಿಗೆ ವಿಭಕ್ತಿ ಸಲೀಸಾಗಿ ಅಂಟುತ್ತದೆ. ಕಾವೇರಿಗೆ, ಕಾವೇರಿಯ, ಕಾವೇರಿನ ಕರಿ. ಆಕಾರದ ಹೆಸರಿಗೆ ಬರೆಯುವಾಗ 'ಮೀರಾಳಿಗೆ', ಮಾತಾಡುವಾಗ 'ಮೀರಂಗೆ'. ಹೆಸರೇ ಕುಗ್ಗಿಹೋಗುತ್ತದೆ. ಮನೆಯಲ್ಲಿ ದಿನಕ್ಕೆ ನೂರು ಸಲ ಬರುವುದು ಈ ಕುಗ್ಗಿದ ರೂಪವೇ ತಾನೆ? ಅದನ್ನೂ ಒಮ್ಮೆ ಹೇಳಿ ನೋಡಿ.

ಈಗ ಅರ್ಥಕ್ಕೆ ಬನ್ನಿ

ಸದ್ದಿನ ಜರಡಿಯಲ್ಲಿ ಉಳಿದ ಹೆಸರುಗಳನ್ನು ಮಾತ್ರ ಅರ್ಥಕ್ಕೆ ಹಾಕಿ. ಫೋನಿನಲ್ಲಿ ಹುಡುಕಿದರೆ ಎಲ್ಲ ಹೆಸರಿಗೂ 'ದೇವಿ', 'ಬೆಳಕು', 'ಆಶೀರ್ವಾದ' ಅಂತಲೇ ಬರುತ್ತದೆ. ಅದು ಬೇಡ. ಆ ಭಾಷೆಯನ್ನು ಅಡುಗೆಮನೆಯಲ್ಲಿ ಆಡುವ ಒಬ್ಬರನ್ನು ಕೇಳಿ. ಎರಡು ಪ್ರಶ್ನೆ ಸಾಕು. ಈ ಸದ್ದಿಗೆ ಹತ್ತಿರದ ಮಾತು ನಿಮ್ಮಲ್ಲಿ ಏನಿದೆ? ಶಾಲೆಯ ಮಕ್ಕಳು ಇದನ್ನು ಹೇಗೆ ತಿರುಚುತ್ತಾರೆ?

ಎರಡನೇ ಪ್ರಶ್ನೆಯೇ ಮುಖ್ಯ. ಮಕ್ಕಳಷ್ಟು ಚುರುಕಾದ ಭಾಷಾತಜ್ಞರು ಬೇರೆ ಇಲ್ಲ.

ಹೀಗೆ ಕೇಳುತ್ತಾ ಹೋದಾಗ ನನಗೆ ಸಿಕ್ಕಿದ್ದು ಇವು. ಚಾರು: ಸಂಸ್ಕೃತದಲ್ಲಿ ಚೆಲುವು, ತೆಲುಗಿನಲ್ಲಿ ಸಾರು, ಮಲಯಾಳದಲ್ಲಿ ಚಾರ್ ಅಂದರೂ ರಸವೇ. ಮಲ್ಲಿ: ನಮಗೆ ಮಲ್ಲಿಗೆಯ ಚಿಕ್ಕ ರೂಪ, ಅತ್ತೆಗೆ ಕೊತ್ತಂಬರಿ. ಪೂರ್ತಿ ಮಲ್ಲಿಕಾ ಅಂದರೆ ತೊಂದರೆ ಇಲ್ಲ, ಆದರೆ ಯಾರೂ ಪೂರ್ತಿ ಅನ್ನುವುದಿಲ್ಲವಲ್ಲ. ನೀನಾ: ಸ್ಪ್ಯಾನಿಷ್‌ನಲ್ಲಿ ಇದಕ್ಕೆ ಹತ್ತಿರದ ಮಾತಿಗೆ ಹುಡುಗಿ ಅಂತ ಅರ್ಥ, ಕೇಳಲು ಚೆಂದ. ಕನ್ನಡದಲ್ಲಿ ಮಾತ್ರ ಬಾಗಿಲು ತಟ್ಟಿದಾಗೆಲ್ಲ "ಯಾರು, ನೀನಾ?" ಅನ್ನುವುದು ಜೀವನಪೂರ್ತಿ. ಅನ್ಯಾ: ಈಗ ಫ್ಯಾಷನ್, ಆದರೆ ಸ್ವಂತ ಮಗಳನ್ನು ಅನ್ಯಳು ಅಂತ ಕರೆಯಲು ನನಗೆ ಮನಸ್ಸಾಗಲಿಲ್ಲ. ಕಲಾ: ಉತ್ತರದವರು ಇಂಗ್ಲಿಷ್ ಸ್ಪೆಲಿಂಗ್ ನೋಡಿ ಕಾಲಾ ಅಂತ ಓದಿದರೆ ಕಪ್ಪು. ಮಾಲಾ: ಇಲ್ಲಿ ಹಾರ, ಸ್ಪ್ಯಾನಿಷ್, ಇಟಾಲಿಯನ್‌ನಲ್ಲಿ ಕೆಟ್ಟವಳು. ಅದಕ್ಕೆ ನಾನು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಇಟಲಿಯವರು ದಿನಾ ಕರೆಯುವ ಬಾಯಿಯಲ್ಲಿ ಬರುವುದಿಲ್ಲ.

ಕೆಲವು ಹೆಸರು ಭಾಷೆ ದಾಟಿದಾಗ ಇನ್ನೂ ಚೆಂದವಾಗುತ್ತವೆ. ಸಿರಿ ಕನ್ನಡದಲ್ಲಿ ಸಂಪತ್ತು, ತುಳುವರಿಗೆ ಪಾಡ್ದನದ (ಜನಪದ ಹಾಡುಗತೆಯ) ಸಿರಿ, ತಮಿಳಿನಲ್ಲಿ ನಗು, ಮಲಯಾಳದ ಚಿರಿಯೂ ನಗುವೇ. ಆಪಲ್ ಫೋನಿನಲ್ಲಿ ಕರೆದರೆ ಉತ್ತರ ಕೊಡುವ 'ಸಿರಿ' ಬರುವವರೆಗೆ ಇದಕ್ಕಿಂತ ಒಳ್ಳೆಯ ಹೆಸರೇ ಇರಲಿಲ್ಲ. ಈಗ ಸಿರೀ ಅಂತ ಕೂಗಿದರೆ ಎರಡು ಕಡೆಯಿಂದ ಉತ್ತರ ಬರಬಹುದು. ಸೋನಾ ಹಿಂದಿಯಲ್ಲಿ ಚಿನ್ನ. ನಮಗೆ ಸೋನೆ ಮಳೆ. ಮಳೆಗಾಲದಲ್ಲಿ ಹುಟ್ಟಿದ ಕೊಡಗಿನ ಮಗುವಿಗೆ ಇನ್ನೇನು ಬೇಕು?

ಅಜ್ಜಿಯರ ಹೆಸರನ್ನು ಒಮ್ಮೆ ಬಿಚ್ಚಿ ನೋಡಿ

ಹೊಸ ಹೆಸರಿಗೆ ಊರೆಲ್ಲ ಸುತ್ತುವ ಮೊದಲು ಮನೆಯ ಹಳೆಯ ಹೆಸರುಗಳನ್ನು ಎಣಿಸಿ. ಇಲ್ಲಿ ಸಿಗುವಷ್ಟು ಬೇರೆಲ್ಲೂ ಸಿಗುವುದಿಲ್ಲ. ಪೊನ್ನಮ್ಮ, ಮುತ್ತಮ್ಮ, ಬೊಳ್ಳಮ್ಮ, ಪೂವಮ್ಮ, ತಂಗಮ್ಮ, ನೀಲಮ್ಮ, ಕಾವೇರಮ್ಮ. ಚಿನ್ನ, ಮುತ್ತು, ಬೆಳ್ಳಿ, ಹೂ, ಮತ್ತೆ ಚಿನ್ನ, ನೀಲಿ, ನದಿ. ಬೊಳ್ಳಿ ಕೊಡವದಲ್ಲೂ ತುಳುವಿನಲ್ಲೂ ಬೆಳ್ಳಿ. ತಂಗಮ್ಮ ಅಂದರೆ ಕನ್ನಡದವರು ತಂಗಿ ಅಂದುಕೊಳ್ಳುತ್ತಾರೆ, ಆದರೆ ತಂಗಂ ಅಂದರೆ ತಮಿಳಿನಲ್ಲಿ ಚಿನ್ನ. ಮಲಯಾಳಿಗಳಲ್ಲೂ ತಂಕಮ್ಮ ಇದ್ದಾರೆ. ಅದರ ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಮೊದಲ ಐದು ಅಕ್ಷರ 'ಥ್ಯಾಂಕ್' ಅಂತಿರುವುದು ಬೇರೆ ಮಾತು.

ಅಮ್ಮ ತೆಗೆದರೆ ಹೊಸ ಹೆಸರು. ಪೂವಿ, ಮುತ್ತು, ನೀಲಾ, ಕಾವೇರಿ. ಅಮ್ಮ ಇಟ್ಟುಕೊಂಡರೂ ಏನೂ ಹಳತಾಗುವುದಿಲ್ಲ. ಎಂ. ಆರ್. ಪೂವಮ್ಮ 2014 ಮತ್ತು 2018ರ ಏಷ್ಯನ್ ಗೇಮ್ಸ್‌ನಲ್ಲಿ 4x400 ಮೀಟರ್ ರಿಲೇ ಚಿನ್ನ ತಂದಾಗ ಯಾರೂ ಆ ಹೆಸರು ಹಳೇದು ಅನ್ನಲಿಲ್ಲ.

ಪೊನ್ನಿ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. ತಲಕಾವೇರಿಯಲ್ಲಿ ಹುಟ್ಟಿ ತಮಿಳುನಾಡಿಗೆ ಹೋದ ಕಾವೇರಿಯನ್ನು ಅಲ್ಲಿನವರು ಪೊನ್ನಿ ಅಂತಲೂ ಕರೆಯುತ್ತಾರೆ, ಚಿನ್ನದಂಥವಳು ಅಂತ. ಅಂದರೆ ಕೊಡವ ಅಜ್ಜಿ ಪೊನ್ನಮ್ಮ, ನಮ್ಮ ತುಲಾ ಸಂಕ್ರಮಣದ ಕಾವೇರಿ, ತಮಿಳರ ಪೊನ್ನಿ, ಮೂರೂ ಒಂದೇ ಹೆಸರಿನಲ್ಲಿ ಸೇರುತ್ತವೆ. ನನಗಂತೂ ಇದು ಗೊತ್ತಾದ ದಿನ ಮೈ ಜುಮ್ಮೆಂದಿತು. ಗಂಡ ಮಾತ್ರ, "ಪೊನ್ನಿ ಅಕ್ಕಿ ಹತ್ತು ಕಿಲೋ ತರಬೇಕಾ?" ಅಂದರು. ಅದೂ ಹೋಯಿತು. ಇವತ್ತಿಗೂ ಆ ಹೆಸರಿನ ಮೇಲೆ ನನಗೆ ಆಸೆ ಇದೆ. ಅಕ್ಕಿಯ ನೆನಪಾಗದ ಮನೆಯವರು ಯಾರಾದರೂ ಇಡಿ.

ನಕ್ಷತ್ರದ ಅಕ್ಷರ ಅಡ್ಡ ಬಂದರೆ

27 ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಅಕ್ಷರ. ಅದೃಷ್ಟ ಇದ್ದರೆ ಮ, ಲ ಸಿಗುತ್ತದೆ. ಆರ್ದ್ರಾ ಆದರೆ ಕು, ಘ, ಙ, ಛ. ಹಸ್ತ ಆದರೆ ಪು, ಷ, ಣ, ಠ. ಙ ಮತ್ತು ಣದಿಂದ ಶುರುವಾಗುವ ಹೆಸರು ಎಲ್ಲಿಂದ ತರುವುದು? ಇದಕ್ಕೆ ಹಿರಿಯರೇ ದಾರಿ ಮಾಡಿಟ್ಟಿದ್ದಾರೆ. ಜನ್ಮನಾಮ ಬೇರೆ, ಕರೆಯುವ ಹೆಸರು ಬೇರೆ. ನಕ್ಷತ್ರದ ಹೆಸರನ್ನು ತೊಟ್ಟಿಲ ಶಾಸ್ತ್ರದ ದಿನ ಕಿವಿಯಲ್ಲಿ ಹೇಳಿ, ಜಾತಕದಲ್ಲಿ ಬರೆಸಿ. ದಾಖಲೆಗೆ ನಿಮ್ಮಿಷ್ಟದ ಹೆಸರು ಕೊಡಿ. ಎರಡನ್ನೂ ಸೇರಿಸಿ ಉದ್ದದ ಹೆಸರು ಮಾಡಿಸಿದವರು ಆಮೇಲೆ ಅಂಗಡಿಗೆ ಬಂದು ಒಂದನ್ನು ತೆಗೆಸಲು ಒದ್ದಾಡುತ್ತಾರೆ.

ಇಂಗ್ಲಿಷ್ ಸ್ಪೆಲಿಂಗ್: ಒಮ್ಮೆ ಕೂತು ಮುಗಿಸಿ

ಈಗ ಎರಡೋ ಮೂರೋ ಹೆಸರು ಉಳಿದಿರುತ್ತವೆ. ಒಂದೊಂದನ್ನೂ ಇಂಗ್ಲಿಷಿನಲ್ಲಿ ಬರೆದು, ಹೆಸರು ಗೊತ್ತಿಲ್ಲದವರ ಕೈಗೆ ಕೊಟ್ಟು ಓದಿಸಿ. ಅವರು ಮೊದಲ ಸಲ ಓದಿದ್ದೇ ಮಗು ಮುಂದೆ ಶಾಲೆಯಲ್ಲಿ, ಬ್ಯಾಂಕಿನಲ್ಲಿ ಕೇಳುವ ಹೆಸರು.

ದೊಡ್ಡ ಜಗಳ ತಕಾರದ್ದು. ನಾವು ದಕ್ಷಿಣದವರು ತ ಬರೆಯಲು ಟಿ ಹೆಚ್ ಹಾಕುತ್ತೇವೆ, ಬರೀ ಟಿ ಅಂದರೆ ಟ. ಉತ್ತರದವರಿಗೆ ಬರೀ ಟಿ ಅಂದರೆ ತ, ಟಿ ಹೆಚ್ ಅಂದರೆ ಥ. ನಮ್ಮ ಸ್ವಾತಿ ಪುಣೆಗೆ ಹೋದರೆ ಸ್ವಾಥಿ, ಅವರ ಕವಿತಾ ಇಲ್ಲಿಗೆ ಬಂದರೆ ಕವಿಟಾ. ಹೆಸರಿನಲ್ಲಿ ತ ಇದ್ದರೆ ಮಗು ಬೆಳೆಯುವ ಊರಿನ ಪದ್ಧತಿ ಹಿಡಿಯಿರಿ. ಈ ರಗಳೆಯೇ ಬೇಡ ಅಂದರೆ ತ ಇಲ್ಲದ ಹೆಸರು ಇಡಿ.

ದೀರ್ಘ ಈಗೆ ಡಬಲ್ ಇ ಹಾಕುವುದು ನನ್ನ ಸಲಹೆ. ಐ ಒಂದೇ ಹಾಕಿದರೆ ಹ್ರಸ್ವವೋ ದೀರ್ಘವೋ ಯಾರಿಗೂ ಗೊತ್ತಾಗುವುದಿಲ್ಲ. ಸಂಖ್ಯಾಶಾಸ್ತ್ರ ಅಂತ ಮೂರು ಎ, ಎರಡು ಹೆಚ್ ತುರುಕುವುದರ ಬಗ್ಗೆ ನನ್ನ ಅಭಿಪ್ರಾಯ ಕೇಳಬೇಡಿ. ಆ ಮಗು ಜೀವನಪೂರ್ತಿ ಫೋನಿನಲ್ಲಿ "ಹೆಚ್ ಎರಡು ಸಲ" ಅನ್ನುತ್ತಲೇ ಇರಬೇಕು. ಸುಮ್ನೆ ಶಿಕ್ಷೆ.

ಮುಂದಿನದು ಮನೆತನದ ಹೆಸರು. ಕೊಡವರಲ್ಲಿ ಒಕ್ಕದ ಹೆಸರು ಮೊದಲು, ಆಮೇಲೆ ಅಪ್ಪನದು, ಕೊನೆಗೆ ಸ್ವಂತದ್ದು. ಪೂವಮ್ಮ ಅವರ ಎಂ ಅಂದರೆ ಮಾಚೆಟ್ಟಿರ, ಆರ್ ಅಂದರೆ ರಾಜು. ಮಲಯಾಳಿಗಳಲ್ಲಿ ಇನಿಷಿಯಲ್ ಮುಂದೆಯೂ ಬರಬಹುದು, ಹಿಂದೆಯೂ ಬರಬಹುದು. ಪಾಸ್‌ಪೋರ್ಟಿನಲ್ಲಿ ಇರುವುದು ಎರಡೇ ಮನೆ: ಸ್ವಂತ ಹೆಸರು, ಸರ್‌ನೇಮ್. ಅಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಸರ್‌ನೇಮ್ ಖಾಲಿ ಬಿಟ್ಟರೂ ಪಾಸ್‌ಪೋರ್ಟ್ ಬರುತ್ತದೆ. ಆದರೆ 2022ರ ನವೆಂಬರ್‌ನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಅಂದಾಗ ನನ್ನ ಅಂಗಡಿಯ ಮುಂದೆ ಸಾಲು ನಿಂತಿತ್ತು. ಅಪ್ಪನ ಹೆಸರು ಪಾಸ್‌ಪೋರ್ಟಿನಲ್ಲಿದ್ದರೆ ಸಾಕು ಅಂತ ಆಮೇಲೆ ಸಡಿಲಿಸಿದರು. ಅಷ್ಟರಲ್ಲಿ ಎಷ್ಟೋ ಜನರ ಟಿಕೆಟ್ ಹಾಳಾಗಿತ್ತು. ಮಗುವಿನ ಹೆಸರು ಬರೆಸುವ ದಿನವೇ ಎರಡನೇ ಮನೆಯಲ್ಲಿ ಏನು ಬರೆಯಬೇಕು ಅಂತ ತೀರ್ಮಾನ ಮಾಡಿ. ಒಕ್ಕದ ಹೆಸರೋ, ಅಪ್ಪನದೋ, ಅಮ್ಮನದೋ ನಿಮ್ಮಿಷ್ಟ.

ಒಂದು ವಾರ ಕರೆದು ನೋಡಿ

ನಾವು ಹೀಗೆ ಮಾಡಿದೆವು. ಕೊನೆಗೆ ಉಳಿದದ್ದು ಸೋನಾ, ಕಾವೇರಿ, ನೀಲಾ. ಸಂಜೆ ಜೋರು ಮಳೆ, ಕರೆಂಟ್ ಇಲ್ಲ. ಮಗು ತೊಟ್ಟಿಲಲ್ಲಿ. ಅವ್ವ, ಅತ್ತೆ, ಓನರ್ ಆಂಟಿ ಮೂವರೂ ಮೇಣದ ಬತ್ತಿಯ ಬೆಳಕಲ್ಲಿ ಕೂತಿದ್ದರು. ಅರ್ಥ ಏನೂ ಹೇಳದೆ ಮೂರೂ ಹೆಸರು ಕೊಟ್ಟು, ಒಬ್ಬೊಬ್ಬರೂ ಅಂಗಳದಾಚೆ ಇರುವ ಮಗುವನ್ನು ಕರೆಯುವ ಹಾಗೆ ಕರೆಯಿರಿ ಅಂದೆ. ಶೀಟಿನ ಮೇಲೆ ಮಳೆ ಸದ್ದು. ಆ ಸದ್ದಿಗೆ ಸೋನಾ ಮುಳುಗಿಹೋಯಿತು. ಕಾವೇರಿ ಚೆನ್ನಾಗಿ ಕೇಳಿಸಿತು, ಆದರೆ ಅವ್ವ ಎರಡನೇ ಸಲಕ್ಕೇ 'ಕಾವೇರಮ್ಮಾ' ಅಂದು ಕೈ ಮುಗಿದರು. ಮಗಳನ್ನು ಗದರಿಸುವಾಗ ಆ ಹೆಸರು ನಮ್ಮವ್ವನ ಬಾಯಲ್ಲಿ ಬರುವುದಿಲ್ಲ ಅಂತ ಗೊತ್ತಾಯಿತು. ನೀಲಾ ಅಂದಾಗ ಮೂವರ ದನಿಯೂ ಒಂದೇ ಥರ ಎಳೆಯಿತು: ನೀ...ಲಾ. ಆಂಟಿ ಅಷ್ಟಕ್ಕೆ ಬಿಡಲಿಲ್ಲ. "ನನ್ನ ಅತ್ತೆಯ ಹೆಸರು ನೀಲಮ್ಮ. ಇನ್ನು ಈ ಮಗುವನ್ನ ನಾನು ಬೈಯೋ ಹಾಗಿಲ್ಲ" ಅಂದರು.

ಆಮೇಲೆ ಅಕ್ಕನಿಗೆ ಫೋನ್. "ಹಿಂದಿಯಲ್ಲಿ ನೀಲಾ ಅಂದರೆ ನೀಲಿ ಬಣ್ಣ ಕಣೇ, ಆದರೆ ಇಲ್ಲಿ ಆ ಹೆಸರಿನವರು ಇದ್ದಾರೆ, ಇಡು" ಅಂದಳು. ಅರಬ್ಬಿಯಲ್ಲಿ ತೊಂದರೆ ಕೊಡುವ ಅಕ್ಷರ ಒಂದೂ ಇಲ್ಲ. ಯಾರಾದರೂ ಹ್ರಸ್ವ ಮಾಡಿ ನಿಲಾ ಅಂದರೂ ನಷ್ಟ ಇಲ್ಲ: ತಮಿಳಿನಲ್ಲಿ ನಿಲಾ ಅಂದರೆ ಚಂದ್ರ. ಳ ಹಾಕಿ ನಿಳಾ ಅಂದರೆ ಕೇರಳದ ಭಾರತಪ್ಪುಳ ನದಿಯ ಇನ್ನೊಂದು ಹೆಸರು. ಹೇಗೆ ತಪ್ಪಿದರೂ ಒಳ್ಳೆಯ ಕಡೆಗೇ ಬೀಳುತ್ತದೆ. ಅಂಥ ಹೆಸರು ಸಿಕ್ಕರೆ ಬಿಡಬೇಡಿ.

ನೀವು ಇನ್ನೂ ಒಂದು ವಾರ ಕಾಯಿರಿ. ಸಿಟ್ಟಿನಲ್ಲಿ ಕರೆಯಿರಿ, ಫೋನಿನಲ್ಲಿ ಯಾರಿಗಾದರೂ ಹೇಳಿ, ಅವರು ತಿರುಗಿ ಏನು ಅಂತ ಕೇಳಿದರು ನೋಡಿ. ಅದೇ ಹೆಸರಿನವರು ಮನೆತನದಲ್ಲಿ ಜಗಳವಾಡಿ ಹೋದವರಿದ್ದರೆ ಹಿರಿಯರು ಈ ವಾರದಲ್ಲೇ ಬಾಯಿ ಬಿಡುತ್ತಾರೆ.

ದಾಖಲೆ ಮಾಡಿಸುವಾಗ

ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು. ಆಸ್ಪತ್ರೆಯಲ್ಲಿ ಹುಟ್ಟಿದರೆ ಮಾಹಿತಿ ಕೊಡುವ ಹೊಣೆ ಆಸ್ಪತ್ರೆಯದ್ದೇ. ಆಗ ಹೆಸರು ತೀರ್ಮಾನ ಆಗಿಲ್ಲದಿದ್ದರೆ ಹೆಸರಿನ ಜಾಗ ಖಾಲಿ ಬಿಡಬಹುದು. ಒಂದು ವರ್ಷದೊಳಗೆ ಶುಲ್ಕ ಇಲ್ಲದೆ ಸೇರಿಸಬಹುದು. ಆಮೇಲೆ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು. ಹಾಗಾಗಿ ಅವಸರದಲ್ಲಿ ಏನೋ ಒಂದು ಬರೆಸಬೇಡಿ. ಬರೆಸಿದ ಮೇಲೆ ಅಕ್ಷರದ ತಪ್ಪು ತಿದ್ದಿಸಬಹುದು, ಮನಸ್ಸು ಬದಲಾಯಿತು ಅಂತ ಬೇರೆ ಹೆಸರು ಹಾಕಿಸುವುದು ದೊಡ್ಡ ತಲೆನೋವು. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ ಎಲ್ಲಕ್ಕೂ ಹುಟ್ಟಿದ ದಿನದ ಸಾಕ್ಷಿ ಈ ಜನನ ಪ್ರಮಾಣಪತ್ರವೇ. ಇಲ್ಲಿ ತಪ್ಪಿದರೆ ಎಲ್ಲ ಕಡೆ ತಪ್ಪಿದ ಹಾಗೆ.

ಮಾಡಬೇಕಾದದ್ದು ಇಷ್ಟು. ಒಂದು ಚೀಟಿಯಲ್ಲಿ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನ ದೊಡ್ಡಕ್ಷರದಲ್ಲೂ ಬರೆಯಿರಿ. ಬಾಯಲ್ಲಿ ಹೇಳಬೇಡಿ, ಚೀಟಿ ಕೊಡಿ. ಟೈಪ್ ಆದ ಮೇಲೆ ಪರದೆಯಲ್ಲಿ ಎರಡೂ ಸಾಲು ಓದಿ. ಎಲ್ಲರೂ ಇಂಗ್ಲಿಷ್ ಮಾತ್ರ ನೋಡುತ್ತಾರೆ, ತಪ್ಪು ಕೂತಿರುವುದು ಕನ್ನಡದಲ್ಲಿ. ಆಧಾರ್ ಮಾಡಿಸುವಾಗಲೂ ಇದೇ ಕಥೆ. ಅಲ್ಲಿ ಇಂಗ್ಲಿಷ್ ಹೊಡೆದರೆ ಕನ್ನಡ ತಾನಾಗಿ ಮೂಡುತ್ತದೆ, ಕಂಪ್ಯೂಟರಿಗೆ ಹ್ರಸ್ವ ದೀರ್ಘ ಗೊತ್ತಿಲ್ಲ. ತಿದ್ದಿಸಿ, ಆಮೇಲೆ ಒಪ್ಪಿ.

ಇಷ್ಟೆಲ್ಲ ಹೇಳುವ ನಾನೇ ನನ್ನ ಮಗಳ ಕಾಗದವನ್ನು ಮಳೆಯಲ್ಲಿ ಅವಸರದಿಂದ ತಂದೆ. ಮನೆಗೆ ಬಂದು ನೋಡಿದರೆ ಕನ್ನಡದ ಸಾಲಿನಲ್ಲಿ 'ನಿಲ'. ಅಂಗಡಿಯಲ್ಲಿ ಲೆಕ್ಕದ ಪುಸ್ತಕ ಬರೆಯುವವಳಿಗೆ ನಿಲ್ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಅದನ್ನು ತಿದ್ದಿಸಲು ಮೂರು ಸಲ ಹೋಗಿಬಂದೆ.

ಮುದ್ದಿನ ಹೆಸರು ಎಷ್ಟು ಬೇಕಾದರೂ ಇರಲಿ. ಅವ್ವನಿಗೆ ಅವಳು ಕೂಸು, ಅತ್ತೆಗೆ ಮೋಳ್, ಆಂಟಿಗೆ ಕುಂಞಿ. ಒಂದೇ ಎಚ್ಚರ: ಅಂಗನವಾಡಿಗೆ ಬಿಡುವ ಮೊದಲ ದಿನ ನೀವೇ ಹೋಗಿ. ಅಜ್ಜಿಯನ್ನು ಕಳಿಸಿದರೆ ರಿಜಿಸ್ಟರಿನಲ್ಲಿ ಕೂಸು ಅಂತಲೇ ಬರೆದುಕೊಂಡಿರುತ್ತಾರೆ.